ಗೇಟಿನ ಸರಳಿನ ರಿಂಗು

ಆರ್‌ಪಿಸಿ ಲೇಔಟ್
ಗುರುವಾರ

ಅಪ್ಪ,

ಫೋನಾದರೆ ಜಗಳವಾಗುತ್ತದೆ, ಅದಕ್ಕೇ ಪತ್ರ. ನಾನು ನೇತಾಡಿ ಕಸರತ್ತು ಮಾಡುವ ರಿಂಗನ್ನು ಲಗ್ಗೆರೆಯ ನಿಮ್ಮ ವೆಲ್ಡಿಂಗ್ ಶಾಪಿಗೆ ವಾಪಸು ಕಳಿಸಿದ್ದೇನೆ.

ಪೈಪಿನಲ್ಲಿ ಮಾಡಿ ಎಂದರೆ ಗೇಟಿಗೆ ಹಾಕುವ ಗಟ್ಟಿ ಸರಳನ್ನೇ ಬಗ್ಗಿಸಿದಿರಿ. “ಆನೆ ಕೂತ್ರೂ ಬಗ್ಗಲ್ಲ ಕಣಮ್ಮ” ಅಂದಿರಿ. ರಿಂಗು ಬಗ್ಗಲಿಲ್ಲ. ಅದರ ಭಾರಕ್ಕೆ ಅಭ್ಯಾಸದ ಕೋಣೆಯ ಸೀಲಿಂಗಿನ ಹುಕ್ಕು ಬಗ್ಗಿದೆ. ರಿಂಗು ಒಮ್ಮೆ ತಿರುಗತೊಡಗಿದರೆ ನಾನು ತಡೆದರೂ ನಿಲ್ಲುವುದಿಲ್ಲ. ನಿನ್ನೆ ನಾನು ಕೆಳಗಿಳಿದ ಮೇಲೂ ತೂಗಿಕೊಂಡು ಬಂದು ಹಣೆಗೆ ಬಡಿಯಿತು. ಬಾಗಿಲು ತಗುಲಿತು ಎಂದು ಅಮ್ಮನಿಗೆ ಹೇಳಿದ್ದೇನೆ, ನೀವೂ ಹಾಗೇ ಹೇಳಿ.

ಹುಕ್ಕು ಬದಲಾಯಿಸುತ್ತಿದ್ದಾರೆ. ಭಾನುವಾರ ಪ್ರದರ್ಶನ. ಒಂದೇ ಕೈಯಲ್ಲಿ ಎತ್ತುವಷ್ಟು ಹಗುರಾಗಿ ಪೈಪಿನಲ್ಲೇ ಬೇಕು. ವೆಲ್ಡಿಂಗ್ ಮಾತ್ರ ನೀವೇ ಮಾಡಿ, ಬೇರೆಯವರ ಕೈಯನ್ನು ನಾನು ನಂಬುವುದಿಲ್ಲ.

ಈ ಸಲ ಆನೆಗೆ ಬೇಡ ಅಪ್ಪ, ನನಗೆ ಮಾಡಿಕೊಡಿ.

ನಿಮ್ಮ ಮಗಳು
ಕವನಾ