ಸಾಸಿವೆಗೆ ಹುಚ್ಚು ಹಿಡಿದಿರಲಿಲ್ಲ

ದಿಲ್‌ಸುಖ್‌ನಗರ, ಹೈದರಾಬಾದ್
24 ನವೆಂಬರ್ 2024, ಭಾನುವಾರ

ಚಿ. ಸೌ. ಶುಭಾಗೆ,

ಅಕ್ಕ ನಲಿನಿಯ ತುಂಬುಮನಸ್ಸಿನ ಹಾರೈಕೆ. ಮಗಳು ಮಂದಾರಳೂ ಕೂಸೂ ಸುಖವಾಗಿದ್ದಾರೆಂದು ನಿನ್ನ ದಿನದಿನದ ಫೋನಿನಿಂದ ತಿಳಿದೇ ಇದೆ. ನೀನು ಕಳಿಸಿದ ಫೋಟೋವನ್ನು ನನ್ನ ರೊಟ್ಟಿ ಬಡಿಯುವ ಹೆಂಗಸರಿಗೆಲ್ಲ ತೋರಿಸಿದೆ. "ಮೂಗು ನಮ್ಮ ಕಡೀದು, ಸಿಟ್ಟು ಅಳಿಯಂದ್ರ ಕಡೀದು" ಎಂದು ಶಂಕ್ರಮ್ಮ ಕೂಸಿನ ಅಜ್ಜಿಯ ಗತ್ತಿನಲ್ಲೇ ತೀರ್ಪು ಕೊಟ್ಟಳು.

ದಿನಾ ಮಾತಾಡುವವಳು ಕಾಗದ ಯಾಕೆ ಬರೆದಳು ಎಂದು ನಿನಗೆ ಅನ್ನಿಸಬಹುದು. ಎರಡು ವಾರದ ಹಿಂದೆಯೇ ಬರೆಯಬೇಕಿತ್ತು. ನಾಲ್ಕು ಸಲ ಶುರು ಮಾಡಿ ಹರಿದೆ, ತಡವಾಯಿತು. ಫೋನಿನಲ್ಲಿ ನಾನು ಬಹಳ ಜಾಣೆ. ಮೂರು ಮನೆಗೆ ರೊಟ್ಟಿ ಬಡಿದುಕೊಡುತ್ತಿದ್ದವಳು ಇವತ್ತು ಜೀಡಿಮೆಟ್ಲಾದ ಕಾರ್ಖಾನೆಗಳ ಕ್ಯಾಂಟೀನಿಗೆ ದಿನಕ್ಕೆ ಹನ್ನೊಂದು ನೂರು ಕಳಿಸುತ್ತಿದ್ದೇನೆಂದರೆ ಅದರಲ್ಲಿ ಅರ್ಧ ಜೋಳ, ಇನ್ನರ್ಧ ನನ್ನ ಬಾಯಿ. ಎದುರಿನವರ ದನಿ ಸ್ವಲ್ಪ ಬಿಗಿಯಾದರೆ ಸಾಕು, ನನ್ನ ಮಾತು ತಾನಾಗಿ ಪಕ್ಕದ ಓಣಿಗೆ ಹೊರಳಿಬಿಡುತ್ತದೆ. ಕಾಗದದಲ್ಲಿ ಆ ಸೌಕರ್ಯವಿಲ್ಲ.

ನೀವು ಬಾಣಂತನಕ್ಕೆಂದು ಮಗಳ ಊರಿಗೆ ಹೊರಟಾಗ ಮಹಡಿಯ ಮೇಲಿನ ನಿನ್ನ ಮನೆ ಹೇಗಿತ್ತೋ ಹಾಗೇ ಇದೆ. ತುಳಸಿ ಚಿಗುರಿದೆ. ನಿನ್ನ ಯಜಮಾನ ದತ್ತಾತ್ರೇಯರ ಪೇಪರುಗಳನ್ನು ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದೇನೆ, ಬಂದವರು ಒಂದೂವರೆ ತಿಂಗಳ ಹಳೆಯ ಸುದ್ದಿ ಓದಿ ಬಯ್ಯಲಿ. ನಿನ್ನ ಬೆಕ್ಕುಗಳಲ್ಲಿ ಮೆಂತೆ ಹೊಟ್ಟೆತುಂಬ ತಿನ್ನುತ್ತಿದೆ. ಆದರೆ ದಿನಕ್ಕೆ ಹತ್ತು ಸಲ ಬಾಗಿಲ ಹತ್ತಿರ ಹೋಗಿ ಕೂರುತ್ತದೆ.

ಈಗ ಇನ್ನೊಂದರ, ಸಾಸಿವೆಯ ವಿಷಯ. ಪಟಾಕಿ ಸದ್ದಿಗೆ ಹೆದರಿ ತೆರೆದ ಬಾಗಿಲಿನಿಂದ ಓಡಿಹೋಯಿತು ಎಂದು ನಾನು ಹೇಳಿದ್ದು ಸುಳ್ಳು. ಕಾದ ಹಂಚು ತಾಗಿ ಬಲಗೈ ಸುಟ್ಟಿತು ಎಂದದ್ದೂ ಸುಳ್ಳು. ನಡೆದದ್ದು ಹೀಗೆ.

ನರಕ ಚತುರ್ದಶಿಯ ಬೆಳಗಿನ ಜಾವ. ಮನೆಯಲ್ಲಿ ಉಸಿರಾಡುವ ಜೀವ ಯಾವುದೂ ಆ ದಿನ ಎಣ್ಣೆ ಕಾಣದೆ ಇರಕೂಡದು ಎಂದು ಅವ್ವ ಹೇಳುತ್ತಿದ್ದಳಲ್ಲ. ಆ ಮಾತಿಗೆ ನೀನು ಪ್ರತಿವರ್ಷ ಎರಡೂ ಬೆಕ್ಕುಗಳ ಹಣೆಗೆ ಒಂದೊಂದು ಹನಿ ಮುಟ್ಟಿಸಿ, "ಆತು, ಮುಗೀತು ನಿಮ್ಮ ಹಬ್ಬ" ಎಂದು ಬಿಟ್ಟುಬಿಡುತ್ತಿದ್ದೆ. ಅಷ್ಟೇ ಸಾಕಿತ್ತು. ನಾನು ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವಳಲ್ಲವಲ್ಲ, ಮೆಂತೆಯನ್ನು ಹಿಡಿದೆ. ಮೈತುಂಬ ಎಳ್ಳೆಣ್ಣೆ ತಿಕ್ಕಿ, ಕಡಲೆಹಿಟ್ಟು ಮತ್ತು ಸುಗಂಧದ ಪುಡಿ ಹಾಕಿ ಬಿಸಿನೀರು ಹೊಯ್ದೆ. ಪಾಪದ ಪ್ರಾಣಿ, ಸುಮ್ಮನೆ ನಿಂತಿತ್ತು. ಸಾಸಿವೆ ಮಾತ್ರ ಕಪಾಟಿನ ಮೇಲೆ ಹತ್ತಿ ಕುಳಿತು ಎಲ್ಲವನ್ನೂ ನೋಡುತ್ತಿತ್ತು. ನನ್ನ ಕೈಗೆ ಸಿಗಲಿಲ್ಲ.

ಮೈ ಒರೆಸಿ, ಹಣೆಗೆ ಕುಂಕುಮ ಇಟ್ಟು, ಆರತಿ ಎತ್ತಿ ಮೆಂತೆಯನ್ನು ಕೆಳಗೆ ಬಿಟ್ಟೆ. ಸಾಸಿವೆ ಇಳಿದು ಬಂತು. ಮೂಸಿತು. ಬೆನ್ನು ಕಮಾನಾಯಿತು, ಬಾಲ ಪೊರಕೆಯಾಯಿತು. ಮಂದಾರ ಕಾಚಿಗೂಡ ಸ್ಟೇಷನ್ನಿನ ಹೊರಗಿನಿಂದ ದುಪಟ್ಟಾದಲ್ಲಿ ಸುತ್ತಿ ತಂದ ದಿನದಿಂದ ನಾಲ್ಕು ವರ್ಷ ಒಂದೇ ದಿಂಬಿನ ಮೇಲೆ ಮಲಗಿದ ಅಕ್ಕತಂಗಿಯರು ಶುಭಾ! ಸಾಸಿವೆ ಮೆಂತೆಯ ಕುತ್ತಿಗೆಗೇ ಬಾಯಿ ಹಾಕಿತು. "ಅಕ್ಕಾರ, ಕೈ ಹಾಕಬ್ಯಾಡ್ರಿ!" ಎಂದು ಶಂಕ್ರಮ್ಮ ಕೂಗಿದಳು. ಅಷ್ಟರಲ್ಲಿ ನಾನು ಕೈ ಹಾಕಿಯಾಗಿತ್ತು. ಹೆಬ್ಬೆರಳಿನ ಬುಡದಲ್ಲಿ ನಾಲ್ಕು ಹಲ್ಲು, ಮುಂಗೈ ಮೇಲೆ ಒಂಬತ್ತು ಗೀರು. ಹುಚ್ಚುನಾಯಿ ಕಚ್ಚಿದರೆ ಹಾಕುವ ಸೂಜಿಗಳೇ ಬೆಕ್ಕಿಗೂ ಅಂತೆ. ನಾಲ್ಕು ಆಗಿವೆ, ಐದನೆಯದು ಬರುವ ಗುರುವಾರ.

ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿ ಹಾಕಿದೆ. ಬಾಗಿಲ ಸಂದಿಯಿಂದ ಸಾಸಿವೆ ಗುಡುಗುತ್ತಿತ್ತು. ಮಾರನೆಯ ದಿನ ಊಟ ಇಡಲು ಹೋದರೆ ನನ್ನ ಕಾಲಿಗೂ ಎಗರಿತು. ಆಮೇಲೆ ತಟ್ಟೆಯನ್ನು ಸೌಟಿನಿಂದ ಒಳಗೆ ನೂಕುತ್ತಿದ್ದೆ. ಶನಿವಾರ ರೊಟ್ಟಿ ಕಟ್ಟುವಾಗ ಇದೇ ಮಾತು ಬಂತು.

"ಹುಚ್ಚ ಹಿಡದೈತ್ರಿ ಅಕ್ಕಾರ," ಎಂದಳು ಶಂಕ್ರಮ್ಮ. "ಮುಂದ ಕೂಸು ಬರೂ ಮನಿ ಇದು."

ನಮ್ಮ ಟೆಂಪೋ ಓಡಿಸುವ ಹುಲಗೇಶ ಅಲ್ಲೇ ಚಹಾ ಕುಡಿಯುತ್ತಿದ್ದ. "ಜೀಡಿಮೆಟ್ಲಾ ಗೋದಾಮಿನ್ಯಾಗ ಇಲಿ ಭಾಳ ಆಗ್ಯಾವ್ರಿ. ವಾಚ್‌ಮನ್ ಒಂದು ಬೆಕ್ಕು ತಂದು ಕೊಡು ಅನ್ನಾಕತ್ತಾನ."

"ಹಂಗಾದ್ರ ನಾಳೆ ಒಯ್ದುಬಿಡು," ಎಂದೆ. ಕೆಟ್ಟ ಜೋಳದ ಚೀಲ ವಾಪಸ್ಸು ಕಳಿಸುವವಳ ಹಾಗೆ, ನಾಲ್ಕು ಜನರ ಎದುರಿಗೆ. ಭಾನುವಾರ ಒಯ್ದ.

ಅಂದು ಸಂಜೆ ನಿನಗೆ ಆ ಸುಳ್ಳು ಹೇಳಿದೆ. "ತಪ್ಪು ನಂದ ಅಕ್ಕಾ. ನಾ ಬಿಟ್ಟು ಬರಬಾರದಾಗಿತ್ತು. ನನ್ನ ಹುಡುಕಿಕೊಂಡ ಹೋಗಿರಬೇಕು ಅಕಿ" ಎಂದು ನೀನು ಅತ್ತೆ. ನಾನೇನು ಹೇಳಿದೆ ನೆನಪಿದೆಯಾ? "ಹೋಗ್ಲಿ ಬಿಡವಾ, ಬಾಣಂತಿ ಮುಂದ ಅಳಬಾರದು." ನಿನ್ನ ಅಪರಾಧವಲ್ಲದ್ದನ್ನು ನೀನು ಹೊತ್ತುಕೊಂಡೆ. ಹೊರಲು ಇನ್ನೂ ಅನುಕೂಲವಾಗಲೆಂದು ನಾನೇ ಕೈಯಾರೆ ಅದನ್ನು ನಿನ್ನ ತಲೆಯ ಮೇಲೆ ಎತ್ತಿಟ್ಟೆ. ಸಂತೆಯಿಂದ ಸಂತೆಗೆ ತಿರುಗಿ ಬೆಳೆದವಳು ನಾನು, ಸಣ್ಣಪುಟ್ಟ ಮೋಸ ಮಾಡಿದ್ದೇನೆ. ಇದರಷ್ಟು ಕೀಳಾದದ್ದು ಮಾಡಿರಲಿಲ್ಲ.

ಐದು ದಿನದ ಮೇಲೆ ಮೆಂತೆಯ ಕುತ್ತಿಗೆಯ ಗಾಯ ಬಾತುಕೊಂಡಿತು. ದನದ ಡಾಕ್ಟರಿಗಿಂತ ಸ್ವಲ್ಪ ಹೆಚ್ಚಿನ ಡಾಕ್ಟರು ಒಬ್ಬರು ಸೂರ್ಯನಾರಾಯಣ ಅಂತ ನಮ್ಮ ಓಣಿಯಾಚೆ ಇದ್ದಾರೆ, ಅಲ್ಲಿಗೆ ಒಯ್ದೆ. ಅವರು ಗಾಯ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನನ್ನನ್ನು ನೋಡಿದರು. "ದೀನಿಕಿ ಸ್ನಾನಂ ಚೇಯಿಂಚಾರಾ ಅಮ್ಮಾ?" ಎಂದರು. ಸ್ನಾನ ಮಾಡಿಸಿದಿರಾ ಅಂತ. ಹೂಂ ಎಂದು ಜಗಳದ ಕಥೆ ಹೇಳಿದೆ. ಆಮೇಲೆ ಅವರು ಹೇಳಿದ್ದು ಇಷ್ಟು: ಬೆಕ್ಕು ಒಡಹುಟ್ಟಿದವರನ್ನು ಗುರುತು ಹಿಡಿಯುವುದು ಮುಖದಿಂದಲ್ಲ, ವಾಸನೆಯಿಂದ. ನೀವು ಆ ವಾಸನೆ ತೊಳೆದುಬಿಟ್ಟಿರಿ. ಹೊರಗೆ ಪಟಾಕಿ, ಸಾಕಿದವರು ಊರಲ್ಲಿಲ್ಲ, ಅದರ ಮೇಲೆ ಅಪರಿಚಿತ ಬೆಕ್ಕು ಮನೆಗೆ ನುಗ್ಗಿತು ಎಂದು ಆ ಇನ್ನೊಂದು ಬೆಕ್ಕು ಅಂದುಕೊಂಡಿತು. ಮನೆ ಕಾಯಿತು ಅಷ್ಟೇ. ಕೆಲವು ದಿನ ಬೇರೆ ಇಟ್ಟು, ಇದರ ಬಟ್ಟೆ ಅದಕ್ಕೆ, ಅದರ ಬಟ್ಟೆ ಇದಕ್ಕೆ ಹಾಸಿದ್ದರೆ ಮೆಲ್ಲಗೆ ಮತ್ತೆ ಹೊಂದಿಕೊಳ್ಳುತ್ತಿದ್ದವು. "ಇನ್ನೊಂದು ಎಲ್ಲಿದೆ?" ಎಂದು ಕೇಳಿದರು.

ಮರುದಿನವೇ ಹುಲಗೇಶನ ಜೊತೆ ಜೀಡಿಮೆಟ್ಲಾಕ್ಕೆ ಹೋದೆ. ಸಾಸಿವೆ ಮೂರು ದಿನ ಪೀಪಾಯಿಗಳ ಹಿಂದೆ ಕುಳಿತಿತ್ತಂತೆ, ಏನೂ ತಿನ್ನಲಿಲ್ಲವಂತೆ. ಬುಧವಾರ ಗೋಡೆ ಹಾರಿ ಹೋಯಿತು. ಆಚೆ ಲಾರಿಗಳ ರಸ್ತೆ, ಅದರಾಚೆ ಇನ್ನೂ ಕಾರ್ಖಾನೆಗಳು. ಮೊಸರನ್ನದ ಡಬ್ಬಿ ಹಿಡಿದು ಸಾಸಿವೇ, ಸಾಸಿವೇ ಎಂದು ಕೂಗುತ್ತ ನಡೆದೆ. ವಾಚ್‌ಮನ್ನನಿಗೆ ಕನಿಕರ ಬಂತು. "ಇದರ್ ಬಿಲ್ಲಿಯಾಂ ಬಹುತ್ ಹೈ ಅಮ್ಮಾ, ಕೌನ್ಸಾ ಬೀ ಲೇಕೆ ಜಾವ್." ಇಲ್ಲಿ ಬೇಕಾದಷ್ಟು ಬೆಕ್ಕಿವೆ, ಯಾವುದನ್ನಾದರೂ ಒಯ್ಯಿ ಎಂದ. ನಾಚಿಕೆ ಬಿಟ್ಟು ಹೇಳುತ್ತೇನೆ. ಅಲ್ಲಿ ಸಾಸಿವೆಯಂಥದ್ದೇ ಒಂದು ಕರಿಬೆಕ್ಕು ಇತ್ತು. ಇದನ್ನೇ ಒಯ್ದು ಸಾಸಿವೆ ಸಿಕ್ಕಿತು ಎಂದರೆ ನಿನಗೆ ಗೊತ್ತಾಗುತ್ತದೆಯೇ ಎಂದು ಅರ್ಧ ನಿಮಿಷ ಲೆಕ್ಕ ಹಾಕಿದೆ.

ಆಮೇಲೂ ಐದು ಸಲ ಹೋಗಿ ಬಂದೆ. ಫೋಟೋ ಅಂಟಿಸಿದ್ದೇನೆ. ಇವತ್ತೂ ಹೋಗುತ್ತೇನೆ. ಸಿಗುತ್ತದೆ ಎಂದು ನಾನು ಹೇಳಲಾರೆ, ನನ್ನ ಮಾತಿನ ಬೆಲೆ ಈಗ ನಿನಗೆ ಗೊತ್ತಾಯಿತಲ್ಲ. ಮುಂದಿನ ವಾರ ನೀವು ಬರುವವರು. ಬಾಗಿಲು ತೆರೆದ ಮೇಲೆ ನಿನ್ನ ಮುಖ ನೋಡಿ ನಾನು ಮತ್ತೇನಾದರೂ ಕಟ್ಟಿ ಹೇಳುವ ಮೊದಲೇ ಇದು ನಿನ್ನ ಕೈ ಸೇರಲಿ. ನಿನ್ನ ಮನೆಯ ಕೀಲಿಕೈ ಇನ್ನು ನನ್ನ ಹತ್ತಿರ ಇರಬೇಕೋ ಬೇಡವೋ, ನೀನೇ ಹೇಳು. ಬೇಡ ಎಂದರೆ ಜಗಳ ತೆಗೆಯುವುದಿಲ್ಲ.

ಕೂಸಿನ ನೆತ್ತಿಗೆ ನನ್ನದೊಂದು ಮುತ್ತು ಕೊಡು. ಅದು ನೂರು ದೀಪಾವಳಿ ಕಾಣಲಿ. ಮಂದಾರ ಚೆನ್ನಾಗಿ ಉಣ್ಣಲಿ, ನಿನ್ನ ಸೊಂಟಕ್ಕೂ ಸ್ವಲ್ಪ ವಿಶ್ರಾಂತಿ ಸಿಗಲಿ.

ನಿನ್ನ ಅಕ್ಕ,
ನಲಿನಿ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಡಾಕ್ಟರು ಹೇಳುವ ತನಕ ನನಗೇನೂ ತಿಳಿಯದು ಎನ್ನುವ ಹಾಗೆ ಮೇಲೆ ಬರೆದಿದ್ದೇನೆ. ಅದು ಪೂರ್ತಿ ನಿಜವಲ್ಲ. ಆ ಭಾನುವಾರ ಬೆಳಿಗ್ಗೆ ಕೈಗೆ ಗೋಣಿಚೀಲ ಸುತ್ತಿಕೊಂಡು, ರಟ್ಟಿನ ಪೆಟ್ಟಿಗೆ ಹಿಡಿದು ಒಳಗೆ ಹೋದೆ. ಸಾಸಿವೆ ಎದ್ದು ಬಂದಳು. ಗೋಣಿಯ ಸಂದಿಯಲ್ಲಿ ಕಾಣುತ್ತಿದ್ದ ಬ್ಯಾಂಡೇಜನ್ನು ಮೂಸಿ, ಅದಕ್ಕೆ ಕೆನ್ನೆ ಉಜ್ಜಿದಳು. ಪೆಟ್ಟಿಗೆ ನೆಲಕ್ಕೆ ಇಟ್ಟರೆ ತಾನೇ ಒಳಗೆ ಹೋಗಿ, ಒಂದು ಸುತ್ತು ತಿರುಗಿ, ಕಾಲು ಮಡಚಿ ಕುಳಿತು ನನ್ನನ್ನೇ ನೋಡಿದಳು. ಸಿಟ್ಟು ಇಳಿದಿದೆ ಎಂದು ನನಗೆ ಆಗಲೇ ಕಂಡಿತು ಶುಭಾ. ಕೆಳಗೆ ಹುಲಗೇಶ ಹಾರ್ನ್ ಹೊಡೆದ. ನಾಲ್ಕು ಜನರ ಎದುರು ಆಡಿದ ಮಾತು ಹಿಂದೆ ತೆಗೆದುಕೊಳ್ಳಲು ನನಗೆ ಬರಲಿಲ್ಲ. ಮುಚ್ಚಳ ಮುಚ್ಚಿ ಟೇಪು ಹಚ್ಚಿದೆ. ಟೇಪು ಹಚ್ಚಿ ಮುಗಿಯುವವರೆಗೂ ಒಳಗಿನಿಂದ ಅವಳ ಗುರ್‌ಗುರ್ ಕೇಳುತ್ತಲೇ ಇತ್ತು.