ನಿನ್ನ ಕುಳ್ಳಿ, ನನ್ನ ಮಹಾರಾಣಿ

ಅತ್ತಿಗೆ,

ನಮಸ್ಕಾರ ಅಂತ ಶುರು ಮಾಡಿದರೆ ನೀನು ನಗುತ್ತೀಯ. ಒಂದೇ ಮನೆಯಲ್ಲಿ ಇಷ್ಟು ವರ್ಷ ಬದುಕಿ ನಾನು ನಿನಗೆ ನಮಸ್ಕಾರ ಹೇಳಿದ್ದು ನೀನು ಮದುವೆಯಾಗಿ ಬಂದ ದಿನ ಮಾತ್ರ, ಅದೂ ಅಮ್ಮ ಹಿಂದಿನಿಂದ ಬೆನ್ನಿಗೆ ತಿವಿದಳು ಅಂತ. ಆಮೇಲೆ ನಮ್ಮಿಬ್ಬರ ನಡುವೆ ನಡೆದದ್ದು ಬರೀ ಜಗಳ. ಅದರಲ್ಲಿ ಮುಕ್ಕಾಲು ಪಾಲು ಎಂಜಿನ್ನುಗಳ ಜಗಳ. ಈಗ ಮನೆಯಲ್ಲಿ ಎದುರು ಮಾತಾಡುವವರಿಲ್ಲ. ನಾನು ಏನು ಹೇಳಿದರೂ ಅಣ್ಣ ಹೂಂ ಅನ್ನುತ್ತಾನೆ. ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ.

ಸುತ್ತಿ ಬಳಸಿ ಹೇಳಿದರೆ ನಿನಗೆ ಮೈಯೆಲ್ಲ ಉರಿಯುತ್ತದೆ, ನನಗೆ ಗೊತ್ತು. ಹಾಗಾಗಿ ಕೆಟ್ಟ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ಕುಳ್ಳಿ ಹೋದಳು, ಅತ್ತಿಗೆ. ನಿನ್ನ ಕುಳ್ಳಿಯನ್ನು ಉಳಿಸಿಕೊಳ್ಳಲು ನನ್ನ ಕೈಲಾಗಲಿಲ್ಲ.

ಆ ಭಾನುವಾರದವರ ಗುಂಪಿಗೆ ನನ್ನನ್ನು ಎಳೆದುಕೊಂಡು ಹೋದವಳು ನೀನೇ. ಉಗಿ ಎಂಜಿನ್ನುಗಳು ಓಡುವುದು ನಿಂತು ಎಷ್ಟೋ ಕಾಲವಾಗಿತ್ತು. ಆದರೂ ಹಳೇ ಶೆಡ್ಡಿನಲ್ಲಿ ಪ್ರತಿ ಭಾನುವಾರ ಸೇರಿ, ತುಕ್ಕು ಕೆರೆದು, ಎಣ್ಣೆ ಒರೆಸಿ, ಆಮೇಲೆ ಉದ್ದನೆಯ ಬೆಂಚಿನ ಮೇಲೆ ಕೂತು ಯಾವ ಬಗೆಯ ಎಂಜಿನ್ ಹೆಚ್ಚು, ಯಾವುದು ಕಡಿಮೆ ಅಂತ ಗಂಟಲು ಹರಿದುಕೊಳ್ಳುವ ಜನ. ಮೊದಲ ದಿನ ನಾನು, "ಇವರಿಗೆಲ್ಲ ಮನೇಲಿ ಕೆಲಸ ಇಲ್ವಾ?" ಅಂತ ನಿನ್ನ ಕಿವಿಯಲ್ಲಿ ಕೇಳಿದ್ದೆ. ನೀನು, "ಇದೆ, ಅದಕ್ಕೇ ಇಲ್ಲಿಗೆ ಬರ್ತಾರೆ" ಅಂದಿದ್ದೆ.

ಒಬ್ಬೊಬ್ಬರಿಗೂ ಒಂದೊಂದು ಎಂಜಿನ್ ಅಂದರೆ ಪ್ರಾಣ. ಹಲ್ಲಿನ ಡಾಕ್ಟರಿಗೆ ಗುಡ್ಡ ಹತ್ತುವ ಹಲ್ಲುಚಕ್ರದ ಎಂಜಿನ್ನೇ ಆಗಬೇಕು. "ಇಲ್ಲಿಗೆ ಬಂದ್ರೂ ಹಲ್ಲಿನ ಸಹವಾಸ ಬಿಡಲ್ವಲ್ಲ ಡಾಕ್ಟ್ರೇ" ಅಂತ ನೀನು ರೇಗಿಸುತ್ತಿದ್ದೆ. ಲೆಕ್ಕದ ಮೇಷ್ಟ್ರಂತೂ ಎಂಜಿನ್ನುಗಳನ್ನು ಹೆಸರಿನಿಂದ ಕರೆಯುವುದೇ ಇಲ್ಲ. ಮುಂದೆಷ್ಟು ಗಾಲಿ, ನಡುವೆ ಎಷ್ಟು, ಹಿಂದೆಷ್ಟು ಅಂತ ಎಣಿಸಿ, ಸಾಮಾನು ಗಾಡಿ ಎಳೆಯುವ ಎರಡು-ಎಂಟು-ಎರಡನ್ನು ದೇವರ ಹೆಸರು ಹೇಳಿದ ಹಾಗೆ ಹೇಳುತ್ತಾರೆ. ಅವರೆಲ್ಲರ ಎಂಜಿನ್ನುಗಳು ಎಂದೋ ಗುಜರಿಗೆ ಹೋಗಿದ್ದವು. ಪಾಪ, ಫೋಟೋ ಹಿಡಿದುಕೊಂಡು ವಾದ ಮಾಡುತ್ತಿದ್ದರು. ಶೆಡ್ಡಿನಲ್ಲಿ ನಿಜಕ್ಕೂ ಉಳಿದಿದ್ದವು ನಮ್ಮಿಬ್ಬರವು ಮಾತ್ರ, ಅಕ್ಕಪಕ್ಕದ ಹಳಿಗಳ ಮೇಲೆ.

ನನ್ನದು ಮಹಾರಾಣಿ. ನಾಲ್ಕು-ಆರು-ಎರಡು. ದೂರದೂರಿನ ಎಕ್ಸ್‌ಪ್ರೆಸ್ ಎಳೆದ ಎಂಜಿನ್. ನಡುವಿನ ಗಾಲಿಗಳ ಪಕ್ಕ ನಿಂತರೆ ನನ್ನ ಎದೆಮಟ್ಟಕ್ಕೆ ಬರುತ್ತಿದ್ದವು. ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಕೂರುವ ನನಗೆ ಅಷ್ಟು ಎತ್ತರದ್ದೇನನ್ನಾದರೂ ತಲೆಯೆತ್ತಿ ನೋಡಬೇಕಿತ್ತು ಅಂತ ಕಾಣುತ್ತದೆ. ನಿನ್ನದು ಕುಳ್ಳಿ. ಮುಂದೆ ಸೊನ್ನೆ, ಹಿಂದೆ ಸೊನ್ನೆ, ನಡುವೆ ಆರು ಪುಟಾಣಿ ಗಾಲಿ. ಬಾಯ್ಲರಿನ ಎರಡೂ ಪಕ್ಕ ನೀರಿನ ಟ್ಯಾಂಕು ಹೊತ್ತು, ಎರಡು ಕೈಯಲ್ಲೂ ಕೊಡ ಹಿಡಿದು ನಿಂತ ಹೆಂಗಸಿನ ಹಾಗೆ ಇದ್ದಳು. ಆಯುಷ್ಯವೆಲ್ಲ ಯಾರ್ಡಿನಲ್ಲಿ ಬೋಗಿಗಳನ್ನು ಅತ್ತಿಂದಿತ್ತ ತಳ್ಳಿ ಜೋಡಿಸಿದ್ದೇ ಅವಳ ಕೆಲಸ.

"ನಿನ್ನ ಕುಳ್ಳಿ ಊರಾಚೆ ಏನಿದೆ ಅಂತಾನೂ ನೋಡಿಲ್ಲ" ಅಂತ ನಾನು ಹಂಗಿಸಿದರೆ ನೀನು ಸೆರಗು ಸಿಕ್ಕಿಸಿಕೊಂಡು ಎದ್ದು ನಿಲ್ಲುತ್ತಿದ್ದೆ. "ಲೇ ಸೂಜಿ, ಅವಳು ಬೋಗಿ ಜೋಡಿಸಿ ಕೊಡದೆ ಇದ್ರೆ ನಿನ್ನ ಡೌಲಿನ ಮದುಮಗಳು ಯಾವುದನ್ನ ಎಳ್ಕೊಂಡು ಹೋಗ್ತಿದ್ಳು? ಬರೀ ಹೊಗೆನಾ? ನನ್ನವಳು ಮುಂದಕ್ಕೂ ಅಷ್ಟೇ, ಹಿಂದಕ್ಕೂ ಅಷ್ಟೇ, ಒಂದೇ ಸಮ ಓಡ್ತಾಳೆ. ನಿನ್ನವಳ ಮುಖ ತಿರುಗಿಸೋಕೇ ನಾಲ್ಕು ಜನ ಬೇಕು!" ಬೆಂಚಿನ ಮೇಲಿದ್ದವರೆಲ್ಲ ನಗುತ್ತಿದ್ದರು. ನಾನು ಸೋತರೂ ಸೋತೆ ಅಂತ ಒಪ್ಪಿಕೊಂಡವಳಲ್ಲ. ಅಣ್ಣನ ಬೇಕರಿ ಮುಟ್ಟುವವರೆಗೂ ದಾರಿಯುದ್ದಕ್ಕೂ ಅದೇ ಮಾತು.

ನಿನಗೆ ಕುಳ್ಳಿಯೇ ಯಾಕೆ ಅನ್ನುವುದನ್ನು ಮಾತ್ರ ನೀನು ಬೆಂಚಿನಲ್ಲಿ ಯಾವತ್ತೂ ಹೇಳಲಿಲ್ಲ. ಅಲ್ಲಿ ಕಬ್ಬಿಣದ ಮಾತು ಮಾತ್ರ, ಮನೆ ಮಾತು ಕೂಡದು ಅನ್ನುವುದು ಮೇಷ್ಟ್ರ ಕಟ್ಟಳೆ. ನನಗೆ ಹೇಳಿದ್ದೆ, ಒಂದು ಮಧ್ಯಾಹ್ನ ಬನ್ನಿನ ತಟ್ಟೆಗಳನ್ನು ತೊಳೆಯುತ್ತಾ. ನಿನ್ನ ಅಪ್ಪ ಅಂಥದ್ದೇ ಶಂಟಿಂಗ್ ಎಂಜಿನ್ನಿನ ಡ್ರೈವರು. "ಎಕ್ಸ್‌ಪ್ರೆಸ್ ಓಡಿಸೋರ ಮಕ್ಕಳು ಅಪ್ಪನ ಮುಖ ನೋಡೋಕೆ ಕಾಯ್ಬೇಕಿತ್ತು. ನಮ್ಮಪ್ಪ ದಿನಾ ಊಟಕ್ಕೆ ಮನೆಗೆ ಬರ್ತಿದ್ದ. ಅದಕ್ಕಿಂತ ಒಳ್ಳೆ ಎಂಜಿನ್ ಇದ್ಯಾ?" ಅಂದಿದ್ದೆ. ನಾನು ಕೈಯಲ್ಲಿದ್ದ ತಟ್ಟೆ ಒರೆಸಿ ಇಟ್ಟೆ.

ಅಣ್ಣನಿಗೆ ಇದೊಂದೂ ತಲೆಗೆ ಹೋಗುತ್ತಿರಲಿಲ್ಲ. ಭಾನುವಾರವೇ ಬೇಕರಿಯಲ್ಲಿ ನೂಕುನುಗ್ಗಲು. ಅದೇ ಹೊತ್ತಿಗೆ ಹೆಂಡತಿಯೂ ತಂಗಿಯೂ ಕೈಕೊಟ್ಟು ಓಡಿಹೋದರೆ ಯಾವ ಗಂಡಸು ಹಾಡು ಹೇಳುತ್ತಾನೆ? "ಬೆಂಕಿ ಬೇಕಾ, ಕಬ್ಬಿಣ ಬೇಕಾ, ಹೊಗೆ ಬೇಕಾ, ಎಲ್ಲ ಇಲ್ಲೇ ಇದೆ. ಒಲೆ ಮುಂದೆ ಕೂತ್ಕೊಳ್ರಮ್ಮ" ಅನ್ನುತ್ತಿದ್ದ. ನೀನು ಪ್ರತಿ ಸಲ, "ಒಂದಿನ ಬಂದು ನೋಡಿ" ಅನ್ನುತ್ತಿದ್ದೆ. ಅವನು ಪ್ರತಿ ಸಲ, "ಬರ್ತೀನಿ ಬಿಡೇ, ಅದೇನು ಓಡಿಹೋಗುತ್ತಾ?" ಅನ್ನುತ್ತಿದ್ದ. ತಾನು ಭಾರೀ ಚಟಾಕಿ ಹಾರಿಸಿದೆ ಅಂತ ತಾನೇ ನಗುತ್ತಿದ್ದ.

ಆಮೇಲೆ ಒಂದು ದಿನ ನೀನು ಎದೆ ಹಿಡಿದಂತಾಗುತ್ತಿದೆ ಅಂದೆ. ಹಿಟ್ಟಿನ ಚೀಲದ ಮೇಲೆ ಕೂತೆ. ಅಷ್ಟೇ. ಆಸ್ಪತ್ರೆಯವರೆಗೂ ನಿನ್ನ ಕೈ ನನ್ನ ಕೈಯಲ್ಲಿತ್ತು. ಅದು ಯಾವಾಗ ಬರೀ ಕೈ ಆಯಿತೋ ನನಗೆ ಗೊತ್ತಾಗಲಿಲ್ಲ.

ಎಲ್ಲ ಮುಗಿದ ಮೇಲೆ ಅಣ್ಣ ಕೇಳಿದ ಮೊದಲ ಮಾತು ಏನು ಗೊತ್ತಾ? "ಸೂಜಿ, ಅವಳ ಎಂಜಿನ್ ತೋರಿಸ್ತೀಯಾ?" ಅಂದ. ಒಲೆ ಹಚ್ಚಿರಲಿಲ್ಲ, ಗಡ್ಡ ಬೆಳೆದಿತ್ತು. ತಟ್ಟೆಯಲ್ಲಿ ಹಾಕಿದ್ದು ಹಾಕಿದ ಹಾಗೇ ಇತ್ತು. ಆ ಕ್ಷಣವೇ ಎಳೆದುಕೊಂಡು ಹೋಗಬೇಕಿತ್ತು ಅಂತ ಈಗ ಅನಿಸುತ್ತದೆ. ಆದರೆ ಶೆಡ್ಡಿನ ವಿಷಯ ಆಗಲೇ ಶುರುವಾಗಿತ್ತು. ರೈಲ್ವೆಯವರಿಗೆ ಜಾಗ ಬೇರೆ ಕೆಲಸಕ್ಕೆ ಬೇಕಂತೆ, ಒಂದು ಹಳಿಗೆ ಮಾತ್ರ ಸೂರು ಉಳಿಸುತ್ತಾರಂತೆ, ಒಂದು ಎಂಜಿನ್ ಅಲ್ಲಿರಬಹುದು, ಇನ್ನೊಂದು ಗುಜರಿಗೆ. ಯಾವುದು ಅಂತ ಭಾನುವಾರದವರೇ ಕೈಯೆತ್ತಿ ತೀರ್ಮಾನಿಸಬೇಕು. ನಾನು ಅಣ್ಣನಿಗೆ, "ಇನ್ನೊಂದು ಸ್ವಲ್ಪ ದಿನ ತಡಿ ಅಣ್ಣ. ಒರೆಸಿ, ಬಣ್ಣ ಬಳಿದು, ಸೂರಿನಡಿ ನಿಲ್ಲಿಸಿ ತೋರಿಸ್ತೀನಿ" ಅಂದೆ. ಅವನು ತಲೆಯಾಡಿಸಿ ಒಂದು ತುತ್ತು ಉಂಡ. ನನಗೆ ಅಷ್ಟು ಸಾಕಿತ್ತು. ಕುಳ್ಳಿಯನ್ನು ಉಳಿಸಲೇಬೇಕು ಅಂತ ಗಟ್ಟಿ ಮಾಡಿಕೊಂಡೆ.

ನಮ್ಮ ಬೆಂಚಿನ ಪದ್ಧತಿ ನಿನಗೆ ಗೊತ್ತಲ್ಲ. ಯಾರಾದರೂ ತೀರಿಕೊಂಡರೆ ಅವರ ಎಂಜಿನ್ನಿನ ಪರ ಒಮ್ಮೆ ಮಾತಾಡಬೇಕು. ಮಾತಾಡಬೇಕಾದವರು ಸ್ನೇಹಿತರಲ್ಲ, ಅವರ ಜೊತೆ ಎಲ್ಲರಿಗಿಂತ ಹೆಚ್ಚು ಕಚ್ಚಾಡಿದವರು. "ಹೊಗಳೋಕೆ ನೆಂಟರಿದ್ದಾರೆ, ಎದುರಾಳಿ ಹೊಗಳಿದ್ರೆ ಅದಕ್ಕೊಂದು ತೂಕ" ಅಂತ ಮೇಷ್ಟ್ರು ಮಾಡಿದ ನಿಯಮ. ಹಾಗಾಗಿ ನಿನ್ನ ಕುಳ್ಳಿಯ ಪರ ನಿಲ್ಲಬೇಕಾದವಳು ನಾನೇ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಎದ್ದೆ.

ಚೆನ್ನಾಗಿ ಮಾತಾಡಿದೆ ಅತ್ತಿಗೆ, ಆಣೆ ಮಾಡಿ ಹೇಳುತ್ತೇನೆ. ನಿನ್ನ ಮಾತುಗಳೆಲ್ಲ ನನಗೆ ಬಾಯಿಪಾಠವಾಗಿದ್ದವು, ಅಷ್ಟು ಬೈಸಿಕೊಂಡಿದ್ದೆನಲ್ಲ. ಎಕ್ಸ್‌ಪ್ರೆಸ್ಸನ್ನು ಹೊಗಳಲು ಲೋಕವೇ ಇದೆ, ಅದನ್ನು ಕಟ್ಟಿಕೊಟ್ಟವಳನ್ನು ಯಾರು ನೆನೆಯುತ್ತಾರೆ ಅಂದೆ. ಇಕ್ಕಟ್ಟಿನ ಜಾಗದಲ್ಲಿ, ಚೂಪಾದ ತಿರುವಿನಲ್ಲಿ, ಹಿಂದೆ ಮುಂದೆ ನೋಡದೆ ದುಡಿದ ಎಂಜಿನ್ ಇದು ಅಂದೆ. ಹಲ್ಲಿನ ಡಾಕ್ಟರು ತಲೆದೂಗುತ್ತಿದ್ದರು. ಕೊನೆಗೆ ಮೇಷ್ಟ್ರ ಕಟ್ಟಳೆ ಮುರಿದರೂ ಪರವಾಗಿಲ್ಲ ಅಂತ ನಿನ್ನ ಅಪ್ಪನ ಮಾತು ಎತ್ತಿದೆ. "ನಮ್ಮತ್ತಿಗೆಯ ಅಪ್ಪ ದಿನಾ ಊಟಕ್ಕೆ" ಅಂದೆ. ಮುಂದಿನ ಮಾತು ಬರಲಿಲ್ಲ. ಎಷ್ಟು ಎಳೆದರೂ ಬರಲಿಲ್ಲ. ನೀನು ಸತ್ತಾಗಲೂ ಬಾರದ ಅಳು ಅಲ್ಲಿ, ಅಷ್ಟೂ ಜನರ ಮುಂದೆ, ಕಟ್ಟೆಯೊಡೆದು ಬಂತು. ಮೇಷ್ಟ್ರು ಎದ್ದು ಬಂದು, "ಸಾಕಮ್ಮ, ಕೂತ್ಕೋ. ಚೆನ್ನಾಗಿ ಹೇಳ್ದೆ" ಅಂತ ಕೂರಿಸಿದರು.

ಆ ಅಳುವೇ ಕೆಲಸ ಕೆಡಿಸಿತು. ಅವರೆಲ್ಲ ಒಳ್ಳೆಯ ಜನ, ಅತ್ತಿಗೆ. ಒಳ್ಳೆಯತನದಿಂದಲೇ ಹಾಳು ಮಾಡಿದರು. ಪಾಪದ ಹುಡುಗಿ, ಅತ್ತಿಗೆಯನ್ನು ಕಳೆದುಕೊಂಡಿದ್ದಾಳೆ, ಈಗ ಮಹಾರಾಣಿಯನ್ನೂ ಕಿತ್ತುಕೊಳ್ಳುವುದೇ ಅಂದುಕೊಂಡರು. ನಾನು ಕುಳ್ಳಿಯ ಪರ ಆಡಿದ ಮಾತೆಲ್ಲ ಅವರಿಗೆ ಪದ್ಧತಿಯ ಮಾತಾಗಿ ಕೇಳಿಸಿತ್ತು. ವರ್ಷಗಟ್ಟಲೆ ಮಹಾರಾಣಿ ಮಹಾರಾಣಿ ಅಂತ ಕೂಗಿದವಳು ಒಂದು ಬೆಳಿಗ್ಗೆ ಎದ್ದು ಬೇರೆ ಮಾತಾಡಿದರೆ ಯಾರು ನಂಬುತ್ತಾರೆ? ಕುಳ್ಳಿಗೆ ಅಂತ ಕೈಯೆತ್ತಿದವಳು ನಾನೊಬ್ಬಳೇ. ಮಹಾರಾಣಿಗೆ ಅಂದಾಗ ಕೈಗಳು ಒಂದರ ಹಿಂದೆ ಒಂದು ಮೇಲೆದ್ದವು. ಹಲ್ಲಿನ ಡಾಕ್ಟರು ಎತ್ತುವಾಗ ನನ್ನ ಕಡೆ ನೋಡಿ ಕಣ್ಣಲ್ಲೇ ಸಮಾಧಾನ ಹೇಳಿದರು.

"ನಂಗೆ ಬೇಡ, ಕುಳ್ಳಿನೇ ಇರ್ಲಿ" ಅಂತ ಕೂಗಿದೆ. "ದುಃಖದಲ್ಲಿ ಹಂಗೆಲ್ಲ ಅನ್ಸುತ್ತಮ್ಮ. ನಾಳೆ ಸಂಕಟಪಡ್ತೀಯ" ಅಂದರು ಮೇಷ್ಟ್ರು. ಡಾಕ್ಟರು ನನ್ನ ಕೈ ಹಿಡಿದು, "ನಿಮ್ಮ ಮಹಾರಾಣಿನ ನಾವು ಬಿಟ್ಟುಕೊಡ್ತೀವಾ?" ಅಂದರು. ಅವರ ಕಣ್ಣಲ್ಲೂ ನೀರಿತ್ತು. ಅಂಥವರನ್ನು ಬೈಯುವುದು ಹೇಗೆ? ಗೆದ್ದವಳು ಅಂತ ಎಲ್ಲರೂ ನನ್ನ ಬೆನ್ನು ತಟ್ಟಿದರು. ಅಷ್ಟು ಕೆಟ್ಟದಾಗಿ ನಾನು ಯಾವತ್ತೂ ಸೋತಿಲ್ಲ.

ಗುಜರಿಯವರು ಬಂದ ದಿನ ಹೋದೆ. ನೀನಿದ್ದಿದ್ದರೆ ನೀನೇ ಹೋಗುತ್ತಿದ್ದೆ, ಅದಕ್ಕೆ. ಗ್ಯಾಸಿನ ಬೆಂಕಿಯಿಂದ ಪಕ್ಕದ ಟ್ಯಾಂಕನ್ನು ಮೊದಲು ಕೊಯ್ದರು. ಒಳಗೆ ಇನ್ನೂ ನೀರಿತ್ತು ಅತ್ತಿಗೆ. ಕಂದು ಬಣ್ಣದ ನೀರು, ತೆಳ್ಳಗೆ, ಹಳಿಯ ಮೇಲೆ ಹರಿದು ಹೋಯಿತು. ಕೊಯ್ಯುತ್ತಿದ್ದವನು ಬೆಂಕಿ ಆರಿಸಿ, "ಏನಾದ್ರೂ ತುಂಡು ಬೇಕೇನಕ್ಕಾ? ತುಂಬಾ ಜನ ತಗೊಂಡು ಹೋಗ್ತಾರೆ" ಅಂದ. ಬೇಡಪ್ಪ ಅಂದೆ. ತುಂಡು ತಂದು ಅಣ್ಣನ ಮುಂದೆ ಇಟ್ಟು ಏನಂತ ಹೇಳಲಿ?

ಮನೆಯಲ್ಲಿ ನಾನು ಏನೂ ಹೇಳಲಿಲ್ಲ. ಹೇಳಬೇಕು ಅಂದುಕೊಂಡಾಗಲೆಲ್ಲ ಅವನೇ ಬಾಯಿ ಕಟ್ಟಿಬಿಡುತ್ತಿದ್ದ. "ಬಣ್ಣ ಬಳಿದಾಯ್ತಾ? ಯಾವ ಬಣ್ಣ?" ಅಂತ ಕೇಳುತ್ತಿದ್ದ. ಮತ್ತೆ ಹಿಟ್ಟು ನಾದಲು ಶುರು ಮಾಡಿದ್ದ, ಗಡ್ಡ ತೆಗೆಸಿಕೊಂಡಿದ್ದ. ಆ ಎಂಜಿನ್ ನೋಡುವ ಒಂದು ಆಸೆಯ ಮೇಲೆ ಮನುಷ್ಯ ಎದ್ದು ಕೂತಿದ್ದ. ಅದನ್ನು ನಾನು ಯಾವ ಬಾಯಿಂದ ಮುರಿಯಲಿ?

ಮೊನ್ನೆ ಭಾನುವಾರ ಬೆಳಿಗ್ಗೆ ನೋಡುತ್ತೇನೆ, ಬೇಕರಿಯ ಬಾಗಿಲು ಮುಚ್ಚಿದೆ. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೆಟ್ಟಿಲ ಹತ್ತಿರ ನಿಂತಿದ್ದಾನೆ. "ಇವತ್ತು ಕರ್ಕೊಂಡು ಹೋಗು" ಅಂದ. ಭಾನುವಾರ ಅವನು ಅಂಗಡಿ ಮುಚ್ಚಿದ್ದನ್ನು ನೀನು ಕಂಡಿದ್ದೀಯಾ? ನಾನಂತೂ ಕಂಡಿಲ್ಲ. ದಾರಿಯುದ್ದಕ್ಕೂ ಹೇಳುತ್ತೇನೆ, ಈ ತಿರುವಿನಲ್ಲಿ ಹೇಳುತ್ತೇನೆ ಅಂದುಕೊಳ್ಳುತ್ತಲೇ ಶೆಡ್ಡು ಬಂದುಬಿಟ್ಟಿತು.

ಸೂರಿನಡಿ ಮಹಾರಾಣಿ ಒಬ್ಬಳೇ ನಿಂತಿದ್ದಳು. ಹಲ್ಲಿನ ಡಾಕ್ಟರು ಎಣ್ಣೆಬಟ್ಟೆ ಹಿಡಿದು ಗಾಲಿ ಒರೆಸುತ್ತಿದ್ದರು. ಅಣ್ಣ ನಿಂತಲ್ಲೇ ನಿಂತ. "ಇದೇನಾ ಅವಳದು?" ಅಂದ.

ಹೂಂ ಅಂದೆ ಅತ್ತಿಗೆ. ಯೋಚಿಸಿ ಅಂದದ್ದಲ್ಲ.

ಅವನು ತಲೆಯೆತ್ತಿ ನೋಡಿದ. "ಚಿಕ್ಕದು, ಚಿಕ್ಕದು ಅಂತಿದ್ಲು. ಇಷ್ಟೆತ್ತರ ಇದೆಯಲ್ಲೇ?" ಅಂದ. "ಬೇರೆಯವೆಲ್ಲ ಇದಕ್ಕಿಂತ ದೊಡ್ಡವು ಅಣ್ಣ" ಅಂದೆ. ಅವನು ನಂಬಿದ. ಎಂಜಿನ್ನಿನ ವಿಷಯದಲ್ಲಿ ಅವನಷ್ಟು ಸುಲಭವಾಗಿ ನಂಬುವ ಮನುಷ್ಯ ಈ ಭೂಮಿಯ ಮೇಲಿಲ್ಲ. ಹತ್ತಿರ ಹೋದ. ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಗಾಲಿಯ ಮೇಲೆ ಇಟ್ಟ. ಬಾಗಿ, ಪಕ್ಕದಲ್ಲಿ ಮಲಗಿದವಳನ್ನು ಎಬ್ಬಿಸುವಷ್ಟು ಮೆಲ್ಲಗೆ, "ಬಂದೆ ಕಣೇ. ತಡ ಆಯ್ತು" ಅಂದ. ಹಾಗೇ ಹಣೆಯನ್ನು ಕಬ್ಬಿಣಕ್ಕೆ ಆನಿಸಿ ನಿಂತ. ಡಾಕ್ಟರ ಕೈಯಲ್ಲಿದ್ದ ಬಟ್ಟೆ ಅಲ್ಲಾಡಲಿಲ್ಲ. ನಾನು ಆವತ್ತು ಕುಳ್ಳಿಯೇ ಇರಲಿ ಅಂತ ಯಾಕೆ ಕೂಗಿಕೊಂಡೆ ಅನ್ನುವುದು ಆಗ ಅವರಿಗೆ ಗೊತ್ತಾಗಿರಬೇಕು. ಮುಖ ಆಚೆ ತಿರುಗಿಸಿಕೊಂಡು ಹೊರಟುಹೋದರು.

ಆಮೇಲೆ ಅಣ್ಣ ಕಣ್ಣೊರೆಸಿಕೊಂಡು ಸುತ್ತ ನೋಡಿದ. ಪಕ್ಕದ ಹಳಿ ಖಾಲಿ ಇತ್ತು. "ನಿಂದೆಲ್ಲೇ, ಸೂಜಿ?" ಅಂದ.

"ನಂದು ಗುಜರಿಗೆ ಹೋಯ್ತಣ್ಣ."

ಅವನು ಬಂದು ನನ್ನ ತಲೆಯ ಮೇಲೆ ಕೈಯಿಟ್ಟ. ಅಮ್ಮ ಹೋದಾಗ ಇಟ್ಟಿದ್ದ ಹಾಗೆ. "ಹೋಗ್ಲಿ ಬಿಡು, ಅಳಬೇಡ. ಅವಳದಾದ್ರೂ ಉಳೀತಲ್ಲ" ಅಂದ.

ಇನ್ನು ಪ್ರತಿ ಭಾನುವಾರ ಬರುತ್ತಾನಂತೆ. ಒರೆಸುವುದನ್ನು ಹೇಳಿಕೊಡು ಅಂದಿದ್ದಾನೆ. ಆದ್ದರಿಂದ ಇವತ್ತಿನಿಂದ ಮಹಾರಾಣಿ ನಿನ್ನವಳು. ನಿನಗೆ ಇಷ್ಟವಿಲ್ಲದಿದ್ದರೂ ಸಹಿಸಿಕೋ, ನಾನೂ ಸಹಿಸಿಕೊಳ್ಳುತ್ತೇನೆ. ಅವನು ಮುಟ್ಟಿದಾಗ ಮುಖ ತಿರುಗಿಸಬೇಡ.

ನೀನಿರುವ ಕಡೆ ನಿನ್ನ ಎದೆ ನೋಯದಿರಲಿ, ಅತ್ತಿಗೆ. ಹೋಗು, ನಿಶ್ಚಿಂತೆಯಿಂದ ಹೋಗು. ಅಣ್ಣನನ್ನು ನಾನು ನೋಡಿಕೊಳ್ಳುತ್ತೇನೆ.

ಎಂಜಿನ್ ಇಲ್ಲದ, ಎದುರಾಳಿಯೂ ಇಲ್ಲದ
ನಿನ್ನ ಸೂಜಿ