ಕಾಣದ ರಫು

ಸೋಮವಾರ ಮಧ್ಯಾಹ್ನ, ಅಂಗಡಿಯಿಂದ

ಮೂರು ವರ್ಷದಿಂದ ಮುಖ ಊದಿಸಿಕೊಂಡಿರುವ ನನ್ನ ಗುಬ್ಬಿಗೆ,

ಅಕ್ಕನ ಅಕ್ಷರ ಎಂದು ಗೊತ್ತಾದ ಕೂಡಲೇ ಹರಿದು ಹಾಕಬೇಡ. ಹರಿದದ್ದನ್ನು ರಫು ಮಾಡುವುದೇ ನನ್ನ ಕಸುಬು. ಇದನ್ನೂ ಸರಿಮಾಡಿ ಮತ್ತೆ ಕಳಿಸುತ್ತೇನೆ.

ನನ್ನ ಕಣ್ಣಿಗೆ ಗ್ಲಾಕೋಮಾ ಬಂದಿದೆ. ಕಣ್ಣೊಳಗಿನ ಒತ್ತಡ ಏರಿ ನರ ಸಾಯುತ್ತಾ ಹೋಗುವ ಕಾಯಿಲೆ. ಹೋದ ದೃಷ್ಟಿ ವಾಪಸ್ಸು ಬರುವುದಿಲ್ಲ. ಇದ್ದದ್ದನ್ನು ಉಳಿಸಿಕೊಳ್ಳಲು ಆಪರೇಷನ್ ಆಗಬೇಕು. ನಾನು ಹೋಗಿದ್ದು ಹೊಸ ಕನ್ನಡಕಕ್ಕೆ. ಕನ್ನಡಕದವನು, "ಇದು ನನ್ನ ಕೈಲಾಗೋದಲ್ಲ ಅಕ್ಕಾ, ಈ ಕಾಯಿಲೆಯನ್ನೇ ನೋಡೋ ಡಾಕ್ಟ್ರನ್ನ ಹುಡುಕಿ" ಎಂದ. ಬಾಯಿ ಮುಚ್ಚದ ಮನುಷ್ಯ, ಅಂದು ಒಂದು ತಮಾಷೆಯನ್ನೂ ಮಾಡಲಿಲ್ಲ. ನನಗೆ ಗಾಬರಿಯಾದದ್ದು ಅದಕ್ಕೇ.

ಕಣ್ಣನ್ನು ಯಾರ ಕೈಗೆ ಕೊಡುವುದು? ಕೆಲಸ ಕೇಳಿ ಬಂದವರಿಗೆ ನಾನು ಹಾಕುವ ಪ್ರಶ್ನೆ ನಿನಗೆ ಗೊತ್ತಲ್ಲ: "ಎಷ್ಟು ಬಟ್ಟೆ ಕೆಡಿಸಿದ್ದೀಯ?" ಒಂದೂ ಇಲ್ಲ ಎಂದವರಿಗೆ ನಾನು ಸೂಜಿಯನ್ನೂ ಮುಟ್ಟಗೊಡುವುದಿಲ್ಲ. ಡಾಕ್ಟರುಗಳಿಗೂ ಅದನ್ನೇ ಕೇಳಿದೆ.

ಮೊದಲನೆಯವರು ನಕ್ಕು, "ಎಲ್ಲಾ ಮಷೀನೇ ನೋಡ್ಕೊಳ್ಳುತ್ತೆ, ಆರಾಮಾಗಿರಿ" ಎಂದರು. ಮಷೀನಿಗೆ ಹಾಕಲು ನಾನೇನು ಮೈಲಿಗೆ ಬಟ್ಟೆಯೇ? ಎರಡನೆಯವರು ಸಿಟ್ಟಾಗಿ ಬೆಲ್ ಒತ್ತಿ ಮುಂದಿನವರನ್ನು ಕರೆದರು. ಮೂರನೆಯವರು ಅರವತ್ತು ದಾಟಿದ ಹೆಂಗಸು. ಪೆನ್ನು ಕೆಳಗಿಟ್ಟರು. "ಇಪ್ಪತ್ತೆಂಟು ವರ್ಷದಿಂದ ಇದೊಂದೇ ಆಪರೇಷನ್ ಮಾಡ್ತಿದೀನಮ್ಮ. ಒಂಬತ್ತು ಜನಕ್ಕೆ ಇದ್ದ ದೃಷ್ಟಿನೂ ಹೋಯ್ತು. ಮೊದಲನೆಯವರು ಒಬ್ಬ ಬಡಗಿ. ಅದು ನನ್ನ ಆತುರದ ತಪ್ಪು. ಅವತ್ತಿಂದ ದಿನಕ್ಕೆ ಮೂರಕ್ಕಿಂತ ಹೆಚ್ಚು ಕಣ್ಣು ಮುಟ್ಟಲ್ಲ" ಎಂದರು.

ನೀವೇ ಮಾಡಿ ಎಂದೆ. "ತಾಳಿ, ಈಗ ನಿಮ್ಮನ್ನ ಪರೀಕ್ಷೆ ಮಾಡೋ ಸರದಿ ನಂದು" ಎಂದರು.

ಮೊದಲು ಕಣ್ಣೊಳಗಿನ ಚಿತ್ರ ತೋರಿಸಿದರು. ಕೆಂಪನೆಯ ಗೋಳ, ನಡುವೆ ಒಂದು ಪುಟ್ಟ ಸೂರ್ಯ, ಅದರಿಂದ ಕವಲೊಡೆದು ಹರಿದ ನದಿಗಳು. ಐವತ್ತಾರು ವರ್ಷ ಇದನ್ನು ಹೊತ್ತು ತಿರುಗಿದ್ದೇನೆ, ಒಮ್ಮೆಯೂ ನೋಡಿರಲಿಲ್ಲ. ಆಮೇಲೆ ನನ್ನ ನೋಟದ ನಕ್ಷೆ. ಎರಡು ಕಣ್ಣಿನದರಲ್ಲೂ ಅಂಚು ಕಪ್ಪು, ಎಡಭಾಗವಂತೂ ಪೂರಾ ಕಪ್ಪು. ನಾನು ವಾದಕ್ಕಿಳಿದೆ: "ನನಗೆಲ್ಲೂ ಕಪ್ಪು ಕಾಣ್ಸಲ್ವಲ್ಲ ಡಾಕ್ಟ್ರೇ?"

"ಕಾಣ್ಸಲ್ಲ. ಅಕ್ಕಪಕ್ಕ ಇರೋದನ್ನ ನೋಡಿ ಮೆದುಳೇ ಆ ಜಾಗ ತುಂಬಿಬಿಡುತ್ತೆ. ಪಕ್ಕದಲ್ಲಿ ಗೋಡೆ ಇದ್ರೆ ಗೋಡೆ, ರಸ್ತೆ ಇದ್ರೆ ರಸ್ತೆ."

ಗುಬ್ಬಿ, ಅಂಚಿನ ಎಳೆ ತೆಗೆದು ತೂತು ಮುಚ್ಚುವುದು ನನ್ನ ಕೆಲಸ. ಮೂವತ್ತನಾಲ್ಕು ವರ್ಷದಲ್ಲಿ ಯಾರ ರಫುವನ್ನೂ ನಾನು ಬೆರಳಾಡಿಸಿ ಹಿಡಿಯದೆ ಬಿಟ್ಟಿಲ್ಲ. ನನ್ನ ತಲೆಯೊಳಗೇ ನನಗಿಂತ ದೊಡ್ಡ ಕಸುಬುದಾರ ಕೂತು ಅರ್ಧ ಲೋಕವನ್ನು ನೇಯ್ದು ಕೊಡುತ್ತಿದ್ದಾನೆ. ಅವನ ಒಂದು ಎಳೆಯೂ ನನಗೆ ಸಿಗಲಿಲ್ಲ.

ಆಗ, ಮೂರು ವರ್ಷದ ಹಿಂದೆ ನಮ್ಮ ಜಗಳಕ್ಕೆ ಕಾರಣವಾದ ಆ ಬಸ್ ನಿಲ್ದಾಣ ನೆನಪಾಯಿತು. ನೀನು ಕೈ ಎತ್ತಿ ನಿಂತಿದ್ದೆಯಂತೆ, ನಾನು ಕಂಡೂ ಕಾಣದ ಹಾಗೆ ಹೋದೆನಂತೆ. ನೀನು ನಿಂತದ್ದು ನನ್ನ ಎಡಕ್ಕೆ. ನೀನಿದ್ದ ಜಾಗದಲ್ಲಿ ತಲೆಯೊಳಗಿನ ಆ ಕಸುಬುದಾರ ಖಾಲಿ ಫುಟ್‌ಪಾತ್ ನೇಯ್ದಿದ್ದ. ಅದನ್ನು ಕಣ್ಣಾರೆ ಕಂಡ ಧೈರ್ಯದಲ್ಲೇ ಅಲ್ಲಿ ಯಾರೂ ಇರಲಿಲ್ಲ ಎಂದು ಸಾಧಿಸಿ, ನಿನ್ನನ್ನು ಸುಳ್ಳುಬುರುಕಿ ಎಂದುಬಿಟ್ಟೆ. ಆ ಮಾತು ವಾಪಸ್ಸು ತೆಗೆದುಕೊಂಡಿದ್ದೇನೆ.

ಆಪರೇಷನ್ ಶುಕ್ರವಾರ. ನನಗೇನೂ ಭಯವಿಲ್ಲ.

ನಿನ್ನ ಜೊತೆ ಜಗಳವಾಡಲೂ ಆಗದೆ ಬೇಜಾರಾಗಿರುವ,
ಅಕ್ಕ

ತಾ.ಕ.: ಒಡಹುಟ್ಟಿದವರು ಇದ್ದಾರಾ ಎಂದು ಡಾಕ್ಟರು ಮೊದಲ ದಿನ ಕೇಳಿದಾಗ, ನಿನ್ನ ಮೇಲಿನ ಸಿಟ್ಟಿಗೆ ಇಲ್ಲ ಎಂದು ಬರೆಸಿದ್ದೆ. ಈ ಕಾಯಿಲೆ ಅವರಿಗೂ ಇರಬಹುದು, ಇದ್ದರೂ ಗೊತ್ತಾಗುವುದಿಲ್ಲ ಎಂದು ತಿಳಿದ ಮೇಲೆ ಓಡಿಹೋಗಿ ತಿದ್ದಿಸಿದೆ. "ನಿನ್ನೆ ಇಲ್ಲದ ತಂಗಿ ಇವತ್ತು ಎಲ್ಲಿಂದ ಹುಟ್ಟಿದ್ಲು?" ಎಂದು ನಕ್ಕರು. ಗುರುವಾರ ಹತ್ತು ಗಂಟೆಗೆ ನಿನ್ನ ಹೆಸರಲ್ಲಿ ಚೀಟಿ ಮಾಡಿಸಿದ್ದೇನೆ. ಮಾತಾಡದಿದ್ದರೂ ಸರಿ, ಕಣ್ಣು ತೋರಿಸಿಕೊಂಡು ಹೋಗು. ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಿರುತ್ತೇನೆ. ಬಲಗಡೆಯಿಂದ ಬಾ.